ಒದ್ದೆ ಹಾಸಿಗೆಯೂ ಮನೆತನದ ಮರ್ಯಾದೆಯೂ



ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಸಂಭಾವಿತ ಮನೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳು ಕಾಫಿಯ ಜೊತೆಗೇ ಚರ್ಚೆಗೆ ಬರುತ್ತವೆ. ಪಾರ್ಶ್ವವಾಯು ಬಡಿದವರ ಕೈಕಾಲುಗಳ ಬಗೆಗೂ ನೆಂಟರು ವಿಚಾರಿಸುತ್ತಾರೆ. ಆದರೆ ಆ ರೋಗಿಗೆ ಮೂತ್ರ ತಡೆದುಕೊಳ್ಳಲಾಗುತ್ತಿಲ್ಲವೆಂಬುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಮರ್ಯಾದೆಯ ಹೆಸರಿನ ಈ ಮೌನವು ರೋಗಕ್ಕಿಂತಲೂ ಕ್ರೂರವಾದದ್ದೆಂಬುದು ನನ್ನ ಆರೋಪ.

ಈ ತೊಂದರೆ ಅಪರೂಪವೂ ಅಲ್ಲ, ಅಶಿಸ್ತೂ ಅಲ್ಲ. ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರಿದವರಲ್ಲಿ ಶೇಕಡ 40ರಿಂದ 60ರಷ್ಟು ಮಂದಿಗೆ ಇದು ಉಂಟಾಗುತ್ತದೆ. ವರ್ಷ ಕಳೆದ ಮೇಲೂ ಶೇಕಡ 15ರಷ್ಟು ಮಂದಿಯಲ್ಲಿ ಉಳಿದಿರುತ್ತದೆ. ಮೂತ್ರಕೋಶಕ್ಕೆ 'ಸ್ವಲ್ಪ ತಾಳು' ಎಂದು ಆಜ್ಞಾಪಿಸುವ ಅಧಿಕಾರಿ ಮಿದುಳಿನ ಮುಂಭಾಗದಲ್ಲಿದ್ದಾನೆ. ಅಲ್ಲಿಗೆ ಪೆಟ್ಟಾದರೆ ಆಜ್ಞೆ ತಲುಪುವುದಿಲ್ಲ. ಇನ್ನು ಕೆಲವರಿಗೆ ಮೂತ್ರಕೋಶ ಸರಿಯಾಗಿಯೇ ಇದ್ದರೂ ಮಾತು ಬಿದ್ದುಹೋಗಿ ಹೇಳಲಾಗದು, ಅಥವಾ ಕಾಲು ಸಾಗದು. 1898ರ ಪ್ಲೇಗಿನ ಅನುಭವದಿಂದ ಬೆಳೆದ ನಮ್ಮ ಬಡಾವಣೆಗಳ ಹಳೆಯ ಮನೆಗಳಲ್ಲಿ ಶೌಚಾಲಯವನ್ನು ಹಿತ್ತಿಲ ಕೊನೆಗೆ, ಕನ್ಸರ್ವೆನ್ಸಿ ಓಣಿಯ ಪಕ್ಕಕ್ಕೆ ಕಟ್ಟಿಸುತ್ತಿದ್ದರು. ಅಂದಿಗೆ ಅದು ಆರೋಗ್ಯನೀತಿ. ಅರ್ಧ ಮೈ ಸ್ವಾಧೀನ ತಪ್ಪಿದವರಿಗೆ ಆ ಇಪ್ಪತ್ತು ಹೆಜ್ಜೆಗಳೇ ಕಾಶಿಯಾತ್ರೆ!

ನಾವು ಮಾಡುವುದೇನು? 'ನೀರು ಕುಡಿಯಬೇಡಿ' ಎಂದು ಚೆಂಬನ್ನು ದೂರ ಸರಿಸುತ್ತೇವೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಕೋಶವನ್ನು ಮತ್ತಷ್ಟು ಕೆರಳಿಸುತ್ತದೆ. ಮಲಬದ್ಧತೆಯೂ ಸೇರಿ ತೊಂದರೆ ಇಮ್ಮಡಿಯಾಗುತ್ತದೆ. ನಮ್ಮ ಅನುಕೂಲಕ್ಕೆಂದು ಕ್ಯಾತಿಟರ್ ಅನ್ನು ತಿಂಗಳುಗಟ್ಟಲೆ ಬಿಟ್ಟು ಸೋಂಕನ್ನು ಆಹ್ವಾನಿಸುತ್ತೇವೆ. ಮೈಲಿಗೆಯೆಂದು ರೋಗಿಯನ್ನು ದೇವರ ಮನೆಯಿಂದಲೂ ಪಂಕ್ತಿಯಿಂದಲೂ ದೂರವಿಡುತ್ತೇವೆ. ಮರ್ಯಾದೆಯ ಕಾವಲು ಗಂಡಸರದು, ನಡುರಾತ್ರಿ ಹಾಸಿಗೆ ಒಗೆಯುವುದು ಸೊಸೆಯದು; ಅವಳ ಆಯಾಸವೂ ಈ ಮೌನದಲ್ಲೇ ಹೂತುಹೋಗುತ್ತದೆ.

'ವಯಸ್ಸಾದ ಮೇಲೆ ಇದೆಲ್ಲ ಸಹಜ, ಮದ್ದಿಲ್ಲ' ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಮಾಡಬಹುದಾದುದು ಬಹಳವಿದೆ. ಎರಡೆರಡು ಗಂಟೆಗೊಮ್ಮೆ ಕೇಳದಿದ್ದರೂ ಶೌಚಕ್ಕೆ ಕರೆದೊಯ್ಯುವುದು, ಮಂಚದ ಪಕ್ಕ ಕಮೋಡ್ ಕುರ್ಚಿ, ಗುಂಡಿಯ ಬದಲು ಎಲಾಸ್ಟಿಕ್ ಉಡುಪು, ಮೂರು ದಿನ ವೇಳೆಯನ್ನು ಬರೆದಿಟ್ಟು ವೈದ್ಯರಿಗೆ ತೋರಿಸುವುದು, ಸೋಂಕಿನ ಪರೀಕ್ಷೆ, ಅಗತ್ಯವಿದ್ದರೆ ಔಷಧ. ಹಲವರಲ್ಲಿ ಇದು ಕಾಲಕ್ರಮೇಣ ತಗ್ಗುತ್ತದೆ.

ಮೌನಕ್ಕೆ ಹಣದ ಬೆಲೆಯೂ ಉಂಟು. ಹೆಣ್ಣುಮಕ್ಕಳು ನಾಚಿಕೆ ಬಿಟ್ಟು ಕೇಳಿದ್ದರಿಂದ 2018ರ ಜುಲೈನಲ್ಲಿ ಸ್ಯಾನಿಟರಿ ನ್ಯಾಪ್‌ಕಿನ್‌ಗಳ ಜಿಎಸ್‌ಟಿ ಪೂರ್ತಿ ರದ್ದಾಯಿತು. ರೋಗಿಗಳ ಡಯಾಪರ್‌ಗೆ 2025ರ ಸೆಪ್ಟೆಂಬರಿನವರೆಗೂ ಶೇಕಡ 12 ಇತ್ತು. ಆಮೇಲೆ 5ಕ್ಕೆ ಇಳಿಯಿತೇ ಹೊರತು ಸೊನ್ನೆಯಾಗಲಿಲ್ಲ. ಕೇಳುವವರಿಲ್ಲದ ಕಷ್ಟಕ್ಕೆ ಸರ್ಕಾರವೂ ಕಿವುಡೇ.

ನಿಮ್ಮಲ್ಲಿ ವೈದ್ಯರಾದವರಿದ್ದೀರಿ. ರೋಗಿ ನಾಚುವ ಮೊದಲು ನೀವೇ ಕೇಳಿ. ಮಕ್ಕಳಾದವರಿದ್ದೀರಿ. ತಂದೆಯನ್ನು ಮದುವೆಗೆ ಕರೆಯುವಾಗ ಛತ್ರದ ಶೌಚಾಲಯ ಎಲ್ಲಿದೆಯೆಂದು ಮೊದಲೇ ನೋಡಿ ಬಂದು, ಅವರಿಗೆ ತಿಳಿಸಿ. ನಮ್ಮ ಶೈಶವದ ಒದ್ದೆಯನ್ನು ಯಾರೂ ಮೈಲಿಗೆಯೆನ್ನಲಿಲ್ಲ. ಹಿರಿಯರಿಗೂ ಅಷ್ಟೇ ಸಹನೆ ಸಲ್ಲಬೇಕು.