ಲಸಿಕೆಯ ದಿನ ತಂದೆಯೂ ಬರಲಿ

ಮೊನೊಕ್ರೊಟೊಫಾಸ್ ಶೇಕಡ 36ರ ದ್ರಾವಣವನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿತು. ಇದ್ದ ದಾಸ್ತಾನು ಮಾರಲು ಒಂದು ವರ್ಷದ ಅವಕಾಶವಿತ್ತು. ಆ ಗಡುವೂ ಮುಗಿದಿದೆ. ಆದರೆ ಅಂಗಡಿಯ ಮಾತು ಬೇರೆ, ರೈತನ ಮನೆಯ ಅಟ್ಟದ ಮಾತು ಬೇರೆ. ಉಳಿದ ಕಾಲು ಲೀಟರನ್ನು ಚೆಲ್ಲಲು ಮನಸ್ಸು ಬಾರದೆ ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಇಟ್ಟಿರುವುದನ್ನು ಹಳ್ಳಿಗಳಲ್ಲಿ ನಾನು ಕಾಣುತ್ತಲೇ ಬಂದಿದ್ದೇನೆ. 2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದು ಅಡುಗೆ ಎಣ್ಣೆಯಲ್ಲಿ ಬೆರೆತಿದ್ದ ಇದೇ ವಿಷದಿಂದ.

ಈ ಅಪಾಯವನ್ನು ತಂದೆತಾಯಿಗಳಿಗೆ ಯಾವಾಗ ತಿಳಿಸಬೇಕು? ಮಗುವನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಎತ್ತಿಕೊಂಡು ಓಡಿದ ಮೇಲೆ ಹೇಳಿದರೆ ಆ ಮಗುವಿನ ಮಟ್ಟಿಗೆ ತಡವಾಯಿತು. ಹೇಳಲು ತಕ್ಕ ಸ್ಥಳ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ತಕ್ಕ ದಿನ ಲಸಿಕೆಯ ದಿನ. ಸರ್ಕಾರಿ ಲಸಿಕೆಯ ಪಟ್ಟಿಯನ್ನೇ ನೋಡಿ. 9ನೇ ತಿಂಗಳ ಚುಚ್ಚುಮದ್ದಿಗೆ ಬರುವ ಮಗು ಅಂಬೆಗಾಲಿಡುತ್ತಿರುತ್ತದೆ. 16ರಿಂದ 24 ತಿಂಗಳೊಳಗಿನ ಸರದಿಗೆ ಬರುವ ಹೊತ್ತಿಗೆ ಓಡಾಡುತ್ತ, ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತಿರುತ್ತದೆ. ನೀರಿನ ತೊಟ್ಟಿ, ಪಂಪಿನ ಡೀಸೆಲ್, ಕೀಟನಾಶಕ ಇವೆಲ್ಲ ಅದರ ಕೈಗೆಟಕುವ ಕಾಲವೇ ಅದು.

ಇಲ್ಲೊಂದು ತೊಡಕಿದೆ. ದಾದಿಯು ‘ಔಷಧಿಯನ್ನು ಮಕ್ಕಳಿಗೆ ಸಿಗದಂತೆ ಇಡಿ’ ಎಂದರೆ ತಾಯಿಗೆ ನೆನಪಾಗುವುದು ಜ್ವರದ ಮಾತ್ರೆ. ಬೆಳೆಗೆ ಹೊಡೆಯುವ ವಿಷವನ್ನೂ ನಾವು ಔಷಧಿಯೆಂದೇ ಕರೆಯುತ್ತೇವೆ. (ಇಲಾಖೆಯವರಾದ ನಾವೂ ಈ ಮಾತನ್ನು ತಿದ್ದಿಕೊಳ್ಳಲಿಲ್ಲ.) ಅದನ್ನು ತಂದು, ಬೆರೆಸಿ, ಮಿಕ್ಕಿದ್ದನ್ನು ಎತ್ತಿಡುವವನು ತಂದೆ, ಲಸಿಕೆಗೆ ಬರುವವಳು ತಾಯಿ. ಹೀಗಾಗಿ ತಂದೆಯೂ ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಬರಬೇಕು. ಆರೋಗ್ಯ ಕಾರ್ಯಕರ್ತೆಯರು ‘ಮನೆಯಲ್ಲಿ ಬೆಳೆಗೆ ಹೊಡೆಯುವ ವಿಷ ಎಲ್ಲಿದೆ, ಯಾವ ಡಬ್ಬಿಯಲ್ಲಿದೆ’ ಎಂದು ಅವನನ್ನೇ ನೇರವಾಗಿ ಕೇಳಲಿ.

ಕೀಟನಾಶಕ ಮೂಲ ಡಬ್ಬಿಯಲ್ಲೇ ಇರಬೇಕು, ಆ ಡಬ್ಬಿ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ನಿಷೇಧವಾದ ಹಳೆಯ ಸರಕನ್ನು ಕಾಲುವೆಗೆ ಚೆಲ್ಲದೆ, ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಮಗು ವಿಷ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ನಮ್ಮಲ್ಲಿದೆ. ಅದು ಕೂಡದು. ಡೀಸೆಲ್, ಸೀಮೆಎಣ್ಣೆಯಾದರೆ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ತಕ್ಷಣ 108ಕ್ಕೆ ಕರೆ ಮಾಡಿರಿ. ವಾಹನ ಬರುವಷ್ಟರಲ್ಲಿ ವಿಷ ಸೋಕಿದ ಬಟ್ಟೆ ಕಳಚಿ ಮೈ ತೊಳೆಯಿರಿ. ಲೇಬಲ್ ಇರುವ ಡಬ್ಬಿಯನ್ನು ಮರೆಯದೆ ಜೊತೆಗೆ ಒಯ್ಯಿರಿ. ಮೊನೊಕ್ರೊಟೊಫಾಸ್ ಜಾತಿಯ ವಿಷವೆಂದು ಅದರಿಂದ ತಿಳಿದರೆ ವೈದ್ಯರು ಅಟ್ರೊಪಿನ್ ಚುಚ್ಚುಮದ್ದನ್ನು ಬೇಗನೆ ಆರಂಭಿಸಬಲ್ಲರು.