ಬಿಳಿಗುಂಡ್ಲುವಿನಲ್ಲಿ ನೀರಿಗೆ ಲೆಕ್ಕವಿದೆ, ತೆಪ್ಪದಲ್ಲಿ ಕೂತವರಿಗೆ?

ಎರಡು ವರ್ಷದಿಂದ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಕಾಣದ ನಮ್ಮ ಮೆಕ್ಯಾನಿಕಲ್ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಜೀವ ಬಂದಿದ್ದು ಒಂದು ಎಕ್ಸೆಲ್ ಶೀಟಿನಿಂದ. ಜರ್ಮನಿಯಲ್ಲಿರುವ ಗೆಳೆಯ ಹಾಕಿದ್ದ. ಗ್ರೀಸ್‌ನಲ್ಲಿ ಒಂದು ವಾರ, ಎಂಟು ಜನ, ಬಾಡಿಗೆಗೆ ಒಂದು ಖಾಸಗಿ ಯಾಟ್. ಶೀಟಿನಲ್ಲಿ ನಾಲ್ಕು ಆಯ್ಕೆಗಳಿದ್ದವು. "ಲೋ, ನೀನು ಪತ್ರಕರ್ತ ಅಲ್ವಾ, ಅಗ್ರಿಮೆಂಟ್ ಎಲ್ಲಾ ಓದಿ ಯಾವುದು ವಾಸಿ ಹೇಳು" ಅಂತ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಎಂಜಿನಿಯರಿಂಗ್ ಬಿಟ್ಟು ಸುದ್ದಿ ಬರೆಯೋಕೆ ಬಂದವನು ತನ್ನ ಪಾಲಿನ ದುಡ್ಡು ಎಲ್ಲಿಂದ ತರ್ತಾನೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಇರಲಿ, ಓದಿದೆ.

ಯಾಟ್ ಬಾಡಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ. ದೋಣಿ ಮಾತ್ರ ಕೊಟ್ಟು 'ನೀವೇ ನಡೆಸಿಕೊಳ್ಳಿ' ಅನ್ನೋದು ಬೇರ್‌ಬೋಟ್. ನಡೆಸುವವನನ್ನೂ ಜೊತೆಗೆ ಕಳಿಸೋದು ಇನ್ನೊಂದು. ಮೊದಲನೆಯದು ಅಗ್ಗ. ಆದರೆ ಗ್ರೀಸ್‌ನಲ್ಲಿ ಅದಕ್ಕೆ ದೋಣಿ ನಡೆಸುವವನ ಲೈಸೆನ್ಸ್ ತೋರಿಸಬೇಕು, ಅವನ ಜೊತೆ ಅನುಭವವಿರುವ ಎರಡನೆಯವನೊಬ್ಬ ಇರಲೇಬೇಕು. ನಮ್ಮ ಎಂಟು ಜನರಲ್ಲಿ ಈಜು ಬರುವವರೇ ಮೂವರು. ಪೂರ್ತಿ ಸಿಬ್ಬಂದಿಯಿರುವ ದೊಡ್ಡ ಯಾಟ್ ಆದರೆ ಡೀಸೆಲ್, ಊಟ, ಬಂದರು ಶುಲ್ಕದ ಹೆಸರಲ್ಲಿ ಬಾಡಿಗೆಯ ಶೇ. 25ರಿಂದ 35ರಷ್ಟು ಮುಂಗಡ ಬೇರೆ ಕೊಡಬೇಕು. ಇನ್ನು ಎಲ್ಲರಿಗೂ ಬೇಕಾಗಿದ್ದು ಸ್ಯಾಂಟೊರಿನಿ, ಮೈಕೊನೊಸ್. ಇನ್‌ಸ್ಟಾಗ್ರಾಂ ತೋರಿಸೋದು ಅವನ್ನೇ ತಾನೆ? ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಅನ್ನೋ ಗಾಳಿ ದಿನಗಟ್ಟಲೆ ಬೀಸುತ್ತೆ ಅನ್ನೋದನ್ನು ಅದು ತೋರಿಸಲ್ಲ. ಹೊಸಬರಿಗೆ ಪಶ್ಚಿಮದ ಅಯೋನಿಯನ್ ಸಮುದ್ರವೇ ಲೇಸು, ಕೊರ್ಫು ಅಥವಾ ಲೆಫ್ಕಾಡ ಕಡೆ, ನಡೆಸುವವನ ಸಮೇತ. ಗ್ರೂಪಿಗೆ ನಾನು ಹಾಕಿದ ವರದಿ ಇಷ್ಟೇ.

ನನ್ನ ತಲೆಯಲ್ಲಿ ಉಳಿದಿದ್ದು ಮಾತ್ರ ಬೇರೆ ಪುಟ. ದೋಣಿ ಬಂದರು ಬಿಡುವ ಮುಂಚೆ ಅದರಲ್ಲಿರುವ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರ್ ಪಟ್ಟಿಯಲ್ಲಿರಬೇಕು. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ವಿಮೆ. ಗಾಳಿ ಮಿತಿ ಮೀರಿದರೆ ಬಂದರಿನ ಅಧಿಕಾರಿಗಳು ಹೊರಡುವುದನ್ನೇ ನಿಷೇಧಿಸುತ್ತಾರೆ. 'ಲಕ್ಷಗಟ್ಟಲೆ ಕೊಟ್ಟಿದ್ದೀವಿ ಕಣ್ರೀ' ಅನ್ನೋ ಮಾತು ಅಲ್ಲಿ ನಡೆಯಲ್ಲ.

ಗ್ರೀಸ್ ಶಿಸ್ತಿನ ದೇಶ, ನಾವು ದಡ್ಡರು ಅಂತ ಹೇಳೋಕೆ ಹೊರಟಿಲ್ಲ, ಅವಸರ ಬೇಡ. 2023ರ ಜೂನ್ 14ರಂದು ಇದೇ ಗ್ರೀಸ್‌ನ ಪೈಲೋಸ್ ಪಟ್ಟಣದಾಚೆಯ ಸಮುದ್ರದಲ್ಲಿ ಆಡ್ರಿಯಾನಾ ಅನ್ನೋ ಹಳೇ ಮೀನುಗಾರಿಕಾ ಟ್ರಾಲರ್ ಮುಳುಗಿತು. ಲಿಬಿಯಾದಿಂದ ಇಟಲಿಗೆ ಹೊರಟಿದ್ದ ಅದರಲ್ಲಿ ಸುಮಾರು 750 ವಲಸಿಗರಿದ್ದರು ಅನ್ನೋದು ಅಂದಾಜು. ಬದುಕಿ ಬಂದವರು 104. ದೋಣಿ ಕಷ್ಟದಲ್ಲಿದೆ ಅನ್ನೋದು ಗ್ರೀಕ್ ಕೋಸ್ಟ್ ಗಾರ್ಡ್‌ಗೆ ಗಂಟೆಗಟ್ಟಲೆ ಮುಂಚೆಯೇ ಗೊತ್ತಿತ್ತು. ಸತ್ತವರೆಷ್ಟು ಅಂತ ಇವತ್ತಿಗೂ ನಿಖರವಾಗಿ ಹೇಳೋಕಾಗಲ್ಲ, ಯಾಕಂದರೆ ಹತ್ತಿದವರ ಪಟ್ಟಿಯೇ ಇರಲಿಲ್ಲ. ಒಂದೇ ದೇಶ, ಒಂದೇ ಕಾವಲು ಪಡೆ. ಯಾಟ್ ಬಾಡಿಗೆಗೆ ಹಿಡಿದವನ ಹೆಸರು ಬಂದರಿನ ಪುಸ್ತಕದಲ್ಲಿರುತ್ತೆ, ಟ್ರಾಲರ್ ಹತ್ತಿದವನದ್ದು ಎಲ್ಲೂ ಇರಲ್ಲ.

ಈ ಕಾಗದಗಳನ್ನು ನಾನು ಓದಿದ್ದು ಕನಕಪುರದಲ್ಲಿ, ಅಕ್ಕನ ಮನೆಯ ಜಗಲಿ ಮೇಲೆ ಕೂತು. ಭಾನುವಾರ ಮಕ್ಕಳು ಸಂಗಮಕ್ಕೆ ಹೋಗೋಣ ಅಂತ ಹಟ ಹಿಡಿದವು. ಅರ್ಕಾವತಿ ಕಾವೇರಿಗೆ ಸೇರುವ ಜಾಗ. ಅಲ್ಲಿ ತೆಪ್ಪದಲ್ಲಿ ಹೊಳೆ ದಾಟಿ, ಆಚೆ ದಡದಿಂದ ಬಸ್ಸು ಹಿಡಿದು ಮೇಕೆದಾಟಿಗೆ ಹೋಗಬೇಕು. ಬೆಂಗಳೂರಿನ ಐಟಿ ಹುಡುಗರು, ಮಾಗಡಿ ಕಡೆಯ ಕುಟುಂಬಗಳು, ಚನ್ನಪಟ್ಟಣದಿಂದ ಟೆಂಪೊ ಮಾಡಿಕೊಂಡು ಬಂದ ಹೆಂಗಸರು, ಎಲ್ಲರಿಗೂ ಇದೇ ಏಜಿಯನ್, ಇದೇ ಅಯೋನಿಯನ್. ಚಿಕ್ಕಂದಿನಿಂದ ಕಾವೇರಿ ದಂಡೆಯ ಎಷ್ಟೋ ಕಡೆ ತೆಪ್ಪ ಹತ್ತಿದ್ದೀನಿ. ನನ್ನ ಹೆಸರನ್ನು ಒಮ್ಮೆಯೂ ಯಾರೂ ಬರೆದುಕೊಂಡಿಲ್ಲ.

ಇದೇ ಹೊಳೆ ಇನ್ನೊಂದಿಷ್ಟು ಮುಂದೆ ಹರಿದರೆ ತಮಿಳುನಾಡಿನ ಗಡಿಯಲ್ಲಿ ಬಿಳಿಗುಂಡ್ಲು ಸಿಗುತ್ತೆ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇರೋದು ಅಲ್ಲೇ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ವರ್ಷಕ್ಕೆ 177.25 ಟಿಎಂಸಿ ನೀರು ತಮಿಳುನಾಡಿಗೆ ಹರಿದಿದೆಯೇ ಅಂತ ಅಲ್ಲಿ ದಿನದಿನವೂ ಅಳೆಯುತ್ತಾರೆ. ಒಂದಿಷ್ಟು ಕ್ಯೂಸೆಕ್ ಆಚೀಚೆ ಆದರೂ ದೆಹಲಿಯಲ್ಲಿ ಸಭೆ ಸೇರುತ್ತೆ, ಮಂಡ್ಯದಲ್ಲಿ ರಸ್ತೆ ಬಂದ್ ಆಗುತ್ತೆ. ಆ ನೀರಿನ ಮೇಲೆ ತೇಲಿದವರು ಎಷ್ಟು ಜನ, ವಾಪಸ್ ಬಂದವರು ಎಷ್ಟು ಜನ ಅನ್ನೋ ಲೆಕ್ಕಕ್ಕೆ ಮಾತ್ರ ಅಷ್ಟು ಚಳವಳಿಯಿಲ್ಲ.

ಬಿಳಿಗುಂಡ್ಲು ದಾಟಿದರೆ ಹೊಗೇನಕಲ್. ಬಿಳಿಗುಂಡ್ಲುವಿನಲ್ಲಿ ಹರಿವು ಏರಿದ ಸುದ್ದಿ ಬಂದ ಕೂಡಲೇ ಧರ್ಮಪುರಿ ಜಿಲ್ಲಾಧಿಕಾರಿ ತೆಪ್ಪ ಸವಾರಿ ನಿಷೇಧಿಸುತ್ತಾರೆ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಇದು ಮಾಮೂಲಿ ಸುದ್ದಿ. ಕೆಆರ್‌ಎಸ್, ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ ನಮ್ಮ ಸಂಗಮದಲ್ಲೂ ಪ್ರವಾಸಿಗರನ್ನು ತಡೆಯುತ್ತಾರೆ, ಇಲ್ಲ ಅನ್ನಲ್ಲ. ಆದರೆ ಹೊಳೆ ಕೆಂಪಗೆ ಉಕ್ಕಿದ ದಿನ ತಡೆಯೋದಕ್ಕೆ ಅಂಥ ಆಡಳಿತವೇನೂ ಬೇಡ, ನೋಡಿದರೇ ಜನ ಹಿಂದೆ ಸರಿಯುತ್ತಾರೆ. ಹೊಳೆ ತಣ್ಣಗೆ ಕಾಣುವ ಭಾನುವಾರ, ಐವರ ತೆಪ್ಪಕ್ಕೆ ಎಂಟನೆಯವನು ಕಾಲಿಟ್ಟಾಗ 'ಬೇಡ, ಇಳಿಯಪ್ಪಾ' ಅನ್ನುವವರು ಯಾರು? ಪ್ರಶ್ನೆ ಇದು.

ಕೆಲ ವರ್ಷದ ಹಿಂದೆ ನಮ್ಮ ಜಿಲ್ಲೆಯದ್ದೇ ಒಂದು ಹಿನ್ನೀರಿನ ದಂಡೆಯಲ್ಲಿ ಖಾಸಗಿ ಕ್ಯಾಂಪೊಂದಕ್ಕೆ ಆಫೀಸಿನವರ ಜೊತೆ ಹೋಗಿದ್ದೆ. ಹೆಸರು ಬೇಡ. ಜಾಕೆಟ್‌ಗಳು ಇದ್ದವು, ಮೂಲೆಯಲ್ಲಿ ರಾಶಿ ಬಿದ್ದು. ನನಗೆ ಸಿಕ್ಕಿದ್ದರ ಬಕಲ್ ಮುರಿದಿತ್ತು. ಹೇಳಿದ್ದಕ್ಕೆ "ಆಳ ಇಲ್ಲ ಸಾ, ಏನಾಗಲ್ಲ" ಅಂದರು. ನಾನೂ ನಕ್ಕು ಹತ್ತಿದೆ. ಮೆಕ್ಯಾನಿಕಲ್ ಓದಿದವನು, ಲೋಡ್ ಲೆಕ್ಕ ಬರುವವನು, ತೆಪ್ಪಗೆ ಹತ್ತಿದೆ. ಗ್ರಾಹಕನೇ ಎಚ್ಚರವಾಗಿರಬೇಕು ಅನ್ನುವವರಿಗೆ ಇದೇ ನನ್ನ ಉತ್ತರ. ದಡದಲ್ಲಿ ಗೆಳೆಯರು ಕೂಗ್ತಿರುವಾಗ ಯಾರೂ ಎಚ್ಚರವಾಗಿರಲ್ಲ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಮೂರೂ ಕಡೆ ಆಮೇಲೆ ಕೇಳಿಬಂದ ಮಾತು ಒಂದೇ: ಮಿತಿಗಿಂತ ಹೆಚ್ಚು ಜನ.

ಕಾನೂನು ಇಲ್ಲವೇ ಅಂದರೆ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಕೊಟ್ಟಿದೆ. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂತು. ಎಂಜಿನ್ ಇಲ್ಲದ ದೋಣಿಗಳಿಗೆ, ಅಂದರೆ ನಮ್ಮ ತೆಪ್ಪ, ಹರಿಗೋಲಿಗೂ ಅದರಲ್ಲಿ ಒಂದು ಅಧ್ಯಾಯವಿದೆ. ಅವನ್ನು ಗುರುತಿಸಿ ನೋಂದಾಯಿಸುವುದು, ಕನಿಷ್ಠ ಸುರಕ್ಷತೆ ಗೊತ್ತು ಮಾಡುವುದು ರಾಜ್ಯ ಸರ್ಕಾರದ ಕೆಲಸ, ಅದನ್ನು ಸ್ಥಳೀಯ ಸಂಸ್ಥೆಗಳ ಮಟ್ಟಕ್ಕೂ ಇಳಿಸಬಹುದು. ನನಗೆ ಈ ಕಾಯ್ದೆಯಲ್ಲಿ ಹಿಡಿಸಿದ್ದು ಇದೇ. ತೆಪ್ಪ ಯಾರದ್ದು, ಹುಟ್ಟು ಹಾಕುವವನಿಗೆ ಹೊಳೆ ಎಷ್ಟು ಗೊತ್ತು ಅನ್ನೋದು ವಿಧಾನಸೌಧಕ್ಕಿಂತ ಪಂಚಾಯ್ತಿಗೆ ಚೆನ್ನಾಗಿ ತಿಳಿದಿರುತ್ತೆ.

ಭಯ ಇರೋದು ಇನ್ನೊಂದು ಕಡೆ. ಸುರಕ್ಷತೆ ಅಂದ ಕೂಡಲೇ ನಮ್ಮ ಸರ್ಕಾರಗಳಿಗೆ ಹೊಳೆಯೋದು ಟೆಂಡರ್. ಬೆಂಗಳೂರಿನ ಗುತ್ತಿಗೆದಾರ ಬರ್ತಾನೆ, ಕಿತ್ತಳೆ ಬಣ್ಣದ ಸ್ಪೀಡ್ ಬೋಟ್ ತರ್ತಾನೆ, ತಲೆತಲಾಂತರದಿಂದ ಬಿದಿರು ಹೆಣೆದು ಹುಟ್ಟು ಹಾಕಿದವನು ಪಾರ್ಕಿಂಗ್‌ನಲ್ಲಿ ಚೀಟಿ ಹರಿಯೋಕೆ ನಿಲ್ತಾನೆ. ಬಂಡೆ ಎಲ್ಲಿದೆ, ಸುಳಿ ಯಾವ ತಿಂಗಳು ಎಲ್ಲಿಗೆ ಸರಿಯುತ್ತೆ ಅನ್ನೋದು ಟೆಂಡರ್ ಫಾರಂನಲ್ಲಿ ಬರಲ್ಲ. ಅಂಬಿಗರ ಹೆಸರಿನಲ್ಲೇ ನೋಂದಣಿ ಆಗಲಿ, ತೆಪ್ಪದ ಮಿತಿ ದಡದ ಬೋರ್ಡಿನಲ್ಲಿರಲಿ, ಜಾಕೆಟ್ ಸರ್ಕಾರ ಕೊಡಲಿ. ಹತ್ತುವವರ ಹೆಸರು ಬರೆಯೋಕೆ ಒಂದು ಪುಸ್ತಕ ಸಾಕು.

2025ರ ಮೇ ತಿಂಗಳಲ್ಲಿ ಸಂಪುಟ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರಿಟ್ಟಿತು. ರಾಮನಗರ ಅನ್ನೋ ಹೆಸರಿಗಾಗಿ ಎರಡೂ ಪಕ್ಷದವರು ಕಿತ್ತಾಡಿದ್ದು ನೋಡಿದ್ದೀರಿ. 2022ರ ಜನವರಿ 9ರಂದು ಮೇಕೆದಾಟು ಪಾದಯಾತ್ರೆ ಇದೇ ಸಂಗಮದಿಂದ ಹೊರಟಿತ್ತು. ಅವತ್ತು ವರದಿಗೆ ಹೋದವರಲ್ಲಿ ನಾನೂ ಒಬ್ಬ. ಕೋವಿಡ್ ಕಾಲದಲ್ಲಿ ಅಷ್ಟು ಜನ, ಅಷ್ಟು ಕ್ಯಾಮೆರಾ. 67.16 ಟಿಎಂಸಿಯ ಆ ಅಣೆಕಟ್ಟಿಗೆ ತಮಿಳುನಾಡು ತೆಗೆದಿದ್ದ ತಕರಾರು ಅವಧಿಗೆ ಮುಂಚಿನದು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮತ್ತೆ ಹುರುಪು ಬಂದಿದೆ. ಅಣೆಕಟ್ಟು ಎದ್ದರೆ ಸಂಗಮವೇ ಮುಳುಗಡೆಯಾಗುತ್ತೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಒಪ್ಪೋಣ. ಈ ತೆಪ್ಪದವರ ಹೆಸರು ಯಾವ ಪಟ್ಟಿಯಲ್ಲೂ ಇರದಿದ್ದರೆ ಪರಿಹಾರದ ದಿನ 'ನೀನು ಯಾರು' ಅನ್ನೋ ಪ್ರಶ್ನೆಗೆ ಅವರ ಬಳಿ ಇರುವ ಕಾಗದ ಯಾವುದು? ನೋಂದಣಿ ಪುಸ್ತಕ ಬೇಕಿರೋದು ಪ್ರವಾಸಿಗಷ್ಟೇ ಅಲ್ಲ.

ಗ್ರೂಪಿನವರು ಕೊನೆಗೆ ಲೆಫ್ಕಾಡ ಒಪ್ಪಿದ್ದಾರೆ, ನನ್ನನ್ನು ಬಿಟ್ಟು ಏಳು ಜನ. ನಾನು ಆ ದುಡ್ಡಿನ ಚೂರುಪಾರಿನಲ್ಲಿ ಮಕ್ಕಳ ಅಳತೆಯ ಎರಡು ಲೈಫ್ ಜಾಕೆಟ್ ಕೊಂಡೆ. ಮುಂದಿನ ಸಲ ಸಂಗಮಕ್ಕೆ ಹೋದಾಗ ಮಕ್ಕಳಿಗೆ ಹಾಕಿಸಿ ತೆಪ್ಪ ಹತ್ತಿಸಿದೆ. ಹುಟ್ಟು ಹಿಡಿದವರು ಬಕಲ್ ಮುಟ್ಟಿ ನೋಡಿ, "ಎಲ್ಲಿ ತಗೊಂಡ್ರಿ ಸಾ, ಏನ್ ಬಿತ್ತು?" ಅಂತ ಕೇಳಿದರು. ಬೆಲೆ ಹೇಳಿದೆ. ಅವರು ಬಾಯಲ್ಲೇ ಹತ್ತು ಜಾಕೆಟ್ಟಿನ ಲೆಕ್ಕ ಹಾಕಿ, ತಲೆ ಆಡಿಸಿ, ತೆಪ್ಪ ನೀರಿಗೆ ನೂಕಿದರು.