ಯಾವ ಡಿಟೆಕ್ಟರ್ ತಗೋಬೇಕು ಅಂತ ಕೇಳುವವರಿಗೆ: ಯಾವುದೂ ಬೇಡ

ಪೇಪರಿಗೆ ಸುದ್ದಿ ಬರೆಯುವವನಿಗೆ ಲೋಕದ ಎಲ್ಲಾ ವಿಷಯ ಗೊತ್ತಿರುತ್ತದೆ ಅಂತ ನಮ್ಮ ಕಡೆ ಜನ ನಂಬಿದ್ದಾರೆ. ಪಹಣಿ ತಿದ್ದುಪಡಿ, ಬೆಳೆ ವಿಮೆ, ಬೋರ್‌ವೆಲ್ ಪಾಯಿಂಟು, ಎಲ್ಲವನ್ನೂ ಕೇಳುತ್ತಾರೆ. ಈಚೆಗೆ ಹುಡುಗರಿಂದ ಹೊಸದೊಂದು ಪ್ರಶ್ನೆ ಬರುತ್ತಿದೆ: "ಅಣ್ಣಾ, ಹಳೇ ನಾಣ್ಯ ಹುಡುಕೋಕೆ ಮೆಟಲ್ ಡಿಟೆಕ್ಟರ್ ತಗೋಬೇಕು ಅಂತಿದೀವಿ. ಯಾವುದು ಒಳ್ಳೇದು?" ಜೊತೆಗೆ ಎರಡು ಮೂರು ವಿಡಿಯೋ ಲಿಂಕು.

ಒಬ್ಬೊಬ್ಬರಿಗೆ ಉತ್ತರ ಹೇಳುವ ಬದಲು ಎಲ್ಲರಿಗೂ ಇಲ್ಲೇ ಹೇಳುತ್ತೇನೆ. ಯಾವುದೂ ಬೇಡ. ಮಷೀನು ಕೆಟ್ಟದ್ದು ಅಂತಲ್ಲ. ಕೆಲವು ಮಷೀನು ಬರೀ ಮೋಸ. ಕೆಲವು ನಿಜವಾಗಿ ಕೆಲಸ ಮಾಡುತ್ತವೆ, ಆದರೆ ನೀವು ಅಂದುಕೊಂಡ ಕೆಲಸವಲ್ಲ. ಕೆಲಸ ಮಾಡುವ ಮಷೀನೇ ಊರಿಗೆ ಹೆಚ್ಚು ನಷ್ಟ ಮಾಡುತ್ತದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಮೋಸದ್ದು. ಪಿಸ್ತೂಲಿನ ಹಿಡಿಯಂಥ ಹಿಡಿ, ಅದರ ಮುಂದೆ ಅತ್ತಿತ್ತ ತಿರುಗುವ ಒಂದು ಕಡ್ಡಿ. "ಲಾಂಗ್ ರೇಂಜ್ ಗೋಲ್ಡ್ ಲೊಕೇಟರ್" ಅಂತ ಹೆಸರು. ಅರ್ಧ ಕಿಲೋಮೀಟರ್ ದೂರದಿಂದ, ಮೂವತ್ತು ಅಡಿ ಆಳದಿಂದ ಬಂಗಾರವನ್ನಷ್ಟೇ ಹಿಡಿಯುತ್ತದೆ ಅಂತ ಹೇಳಿ ಮಾರುತ್ತಾರೆ. ಈ ಜಾತಿಯ ಸಾಮಾನಿನ ಬಂಡವಾಳ ಜಗತ್ತಿನ ಮುಂದೆ ಬಯಲಾಗಿ ವರ್ಷಗಳೇ ಆದವು. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬ ವ್ಯಾಪಾರಿ ಇಂಥದೇ ಕಡ್ಡಿಗೆ ಎಡಿಇ 651 ಅಂತ ಹೆಸರಿಟ್ಟು, ಬಾಂಬ್ ಪತ್ತೆ ಮಾಡುವ ಯಂತ್ರ ಅಂತ ಇರಾಕ್ ಸರಕಾರಕ್ಕೆ ಸಾವಿರಗಟ್ಟಲೆ ಮಾರಿದ್ದ. ಕಳೆದುಹೋದ ಗಾಲ್ಫ್ ಚೆಂಡು ಹುಡುಕಲು ಅಂತ ಮಾರುತ್ತಿದ್ದ ಅಗ್ಗದ ಆಟಿಕೆಯೇ ಅದರ ಮೂಲ. ಒಳಗೆ ಕೆಲಸ ಮಾಡುವ ಯಂತ್ರವೇ ಇರಲಿಲ್ಲ. ಅದನ್ನು ನಂಬಿದ ಚೆಕ್‌ಪೋಸ್ಟ್ ದಾಟಿ ಬಾಂಬುಗಳು ಹೋದವು, ಜನ ಸತ್ತರು. 2013ರಲ್ಲಿ ಲಂಡನ್ನಿನ ನ್ಯಾಯಾಲಯ ಅವನಿಗೆ ಹತ್ತು ವರ್ಷ ಜೈಲು ವಿಧಿಸಿತು.

ಹಾಗಾದರೆ ಕಡ್ಡಿ ತಿರುಗುವುದು ಹೇಗೆ? ಹಿಡಿದವನ ಕೈ ಅವನಿಗೇ ಗೊತ್ತಾಗದಂತೆ ಒಂದಿಷ್ಟು ವಾಲುತ್ತದೆ, ಕಡ್ಡಿ ತಿರುಗುತ್ತದೆ. ತೆಂಗಿನಕಾಯಿ ಹಿಡಿದು ನೀರಿನ ಪಾಯಿಂಟ್ ತೋರಿಸುವಾಗ ಕಾಯಿ ಎದ್ದು ನಿಲ್ಲುವುದೂ ಹೀಗೇ. ಗುಡಿಯ ಮುಂದೆ ನಿಂತವನ ಮನಸ್ಸಿನಲ್ಲಿ ಗುಡಿಯೊಳಗೆ ಬಂಗಾರವಿದೆ ಅಂತಿದ್ದರೆ ಕಡ್ಡಿ ಗುಡಿಯ ಕಡೆಗೇ ತಿರುಗುತ್ತದೆ. ಆಮೇಲೆ ಹಾರೆ ಬೀಳುವುದು ದೇವರ ಪಾಣಿಪೀಠದ ಮೇಲೆ.

ಎರಡನೆಯದು ನಿಜವಾದ ಮಷೀನು. ಉದ್ದ ಕೋಲು, ತುದಿಗೆ ತಟ್ಟೆಯಂಥ ಕಾಯಿಲ್, ಕಿವಿಗೆ ಹೆಡ್‌ಫೋನ್. ಕಾಯಿಲ್ ನೆಲಕ್ಕೆ ಕಾಂತದ ಅಲೆ ಬಿಡುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ಕರೆಂಟು ಹುಟ್ಟಿ ತಿರುಗಿ ಸುದ್ದಿ ಕೊಡುತ್ತದೆ, ಮಷೀನು ಕೂಗುತ್ತದೆ. ಇದಕ್ಕೆ ವಿಎಲ್‌ಎಫ್ ಅಂತ ಕರೆಯುತ್ತಾರೆ. ನಾಣ್ಯದಷ್ಟು ಸಣ್ಣ ವಸ್ತುವನ್ನು ಇದು ಒಂದು ಗೇಣಿನಿಂದ ಸುಮಾರು ಒಂದಡಿ ಆಳದವರೆಗೆ ಹಿಡಿಯುತ್ತದೆ, ಅಷ್ಟೇ. ನಮ್ಮ ಮಸಾರಿ ನೆಲದಲ್ಲಿ, ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಅಲ್ಲಿ ಬರೀ ಮಣ್ಣಿಗೇ ಮಷೀನು ಕೂಗುತ್ತದೆ, ಆಳ ಇನ್ನೂ ಕಡಿಮೆಯಾಗುತ್ತದೆ.

ಮೂರನೆಯದು ಪಲ್ಸ್ ಇಂಡಕ್ಷನ್. ಬೆಲೆ ಸಾಮಾನ್ಯವಾಗಿ ಹೆಚ್ಚು. ಕೆಂಪು ಮಣ್ಣಿನ ಗಲಾಟೆಗೆ ಅಷ್ಟಾಗಿ ಬಗ್ಗುವುದಿಲ್ಲ, ಸ್ವಲ್ಪ ಆಳಕ್ಕೂ ಹೋಗುತ್ತದೆ. ಆದರೆ ಕೆಳಗಿರುವುದು ಕಬ್ಬಿಣವೋ ಬಂಗಾರವೋ ಅಂತ ಬೇರೆ ಮಾಡಿ ಹೇಳುವುದರಲ್ಲಿ ಇದು ದಡ್ಡ. ನಮ್ಮ ಹೊಲದಲ್ಲಿ ಏನಿದೆ ಅಂತ ನಿಮಗೇ ಗೊತ್ತು. ಎತ್ತಿನ ಲಾಳ, ಕುಂಟೆಯ ಕುಡ, ಮುರಿದ ಮೊಳೆ, ಬಿಯರ್ ಬಾಟ್ಲಿ ಮುಚ್ಚಳ. ಒಂದೊಂದು ಕೂಗಿಗೂ ಒಂದೊಂದು ಗುಂಡಿ ತೋಡುತ್ತಾ ಹೋಗಬೇಕು.

"ಕಸವನ್ನು ಬಿಡುವ ಸೆಟ್ಟಿಂಗ್ ಇದೆಯಲ್ಲ" ಅನ್ನುತ್ತೀರಿ. ಇದೆ. ಅಲ್ಲೇ ಇರುವುದು ತಮಾಷೆ. ವಿಜಯನಗರ ಕಾಲದ ವರಾಹದ ತೂಕ ಸುಮಾರು 3.4 ಗ್ರಾಂ. "ಹಣ" ಎಂಬ ಬಂಗಾರದ ನಾಣ್ಯ ಹುಣಸೆ ಬೀಜಕ್ಕಿಂತ ಸಣ್ಣದು, ತೂಕ ಅರ್ಧ ಗ್ರಾಂ ಕೂಡ ಇಲ್ಲ. ಇಷ್ಟು ತೆಳ್ಳಗಿನ ಬಂಗಾರ ಮಷೀನಿಗೆ ಗುಳಿಗೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಯ ಹಾಗೇ ಕೇಳಿಸುತ್ತದೆ. ಹಾಳೆಯನ್ನು ಬಿಡು ಅಂದರೆ ಬಂಗಾರವನ್ನೂ ಬಿಡುತ್ತದೆ. ಎರಡೂ ಬೇಕು ಅಂದರೆ ದಿನವಿಡೀ ಕಸ ಆರಿಸಬೇಕು.

ಇನ್ನು ಸಿಕ್ಕ ನಾಣ್ಯದ ಬೆಲೆ. ನಮ್ಮ ಹಿರಿಯರು ಸಂತೆಗೆ ವರಾಹ ಒಯ್ಯುತ್ತಿರಲಿಲ್ಲ, ತಾಮ್ರದ ಕಾಸು ಒಯ್ಯುತ್ತಿದ್ದರು. ಅಂಥ ತಾಮ್ರದ ಕಾಸು ರಾಶಿಗಟ್ಟಲೆ ಉಳಿದುಬಂದಿವೆ. ಸವೆದು ಹೋದ ಒಂದು ಕಾಸಿಗೆ ನೂರಾರು ರೂಪಾಯಿಯ ಮಾತು, ಲಕ್ಷದ್ದಲ್ಲ. ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಅಂತ ಫೋನಿನಲ್ಲಿ ಕುಣಿಯುವ ಜಾಹೀರಾತುಗಳ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ತನ್ನ ಹೆಸರು ಹೇಳಿ ಕಮಿಷನ್, ತೆರಿಗೆ ಅಂತ ದುಡ್ಡು ಕೀಳುವವರಿದ್ದಾರೆ, ನಂಬಬೇಡಿ ಅಂತ.

ಹಾಗಾದರೆ ಈ ವ್ಯವಹಾರದಲ್ಲಿ ದುಡ್ಡು ಮಾಡುವವರು ಯಾರು? ಮಷೀನು ಮಾರಿದವನು. ಬಾಡಿಗೆಗೆ ಕೊಟ್ಟವನು. ಅಂಜನ ಹಾಕಿ ಜಾಗ ತೋರಿಸಿದವನು. ಅಕ್ಕಿ ಎಳೆಯುವ ಚೊಂಬಿದೆ ಅಂತ ಅಡ್ವಾನ್ಸ್ ತಗೊಂಡವನು. "ಪಾಯ ತೆಗೆಯುವಾಗ ಕೊಪ್ಪರಿಗೆ ಸಿಕ್ಕಿದೆ" ಅಂತ ಒಂದು ಅಸಲಿ ನಾಣ್ಯ ತೋರಿಸಿ, ಆಮೇಲೆ ಚೀಲದ ತುಂಬ ಹಿತ್ತಾಳೆ ಕೊಟ್ಟು ಓಡಿಹೋದವನು. ಕಳೆದುಕೊಂಡವನು ಮಾತ್ರ ಯಾವಾಗಲೂ ಒಬ್ಬನೇ: ಸಂಘದ ಸಾಲ ಎತ್ತಿದ, ಬೈಕು ಅಡವಿಟ್ಟ ನಮ್ಮೂರಿನ ಹುಡುಗ. ಅವನು ಪೊಲೀಸರಿಗೂ ಹೇಳುವಂತಿಲ್ಲ, ಮನೆಯಲ್ಲೂ ಹೇಳುವಂತಿಲ್ಲ.

ಇಷ್ಟೂ ಆಗಿದ್ದು ದುಡ್ಡಿನ ಲೆಕ್ಕ. ದುಡ್ಡು ಹೋದರೆ ದುಡಿಯಬಹುದು. ದುಡಿದರೂ ಬಾರದ್ದೊಂದಿದೆ.

2019ರ ಜುಲೈನಲ್ಲಿ ಆನೆಗೊಂದಿ ಹತ್ತಿರ, ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯ ಆಸೆಗೆ ಒಡೆದು ಹಾಕಿದ್ದು ನಿಮಗೆ ನೆನಪಿರಬೇಕು. ನಾಡೆಲ್ಲ ಕೆರಳಿತು. ಆರೋಪಿಗಳ ಬಂಧನವಾಯಿತು, ಭಕ್ತರು ಸೇರಿ ಮತ್ತೆ ಕಟ್ಟಿದರು. ವ್ಯಾಸರಾಜರಿಗೆ ಮಠವಿದೆ, ಭಕ್ತರಿದ್ದಾರೆ. ನಿಮ್ಮ ಹಾಳೂರಿನ ಹನುಮಪ್ಪನ ಗುಡಿಗೆ ಯಾರಿದ್ದಾರೆ? ಹೊಟ್ಟೆ ಸೀಳಿಸಿಕೊಂಡ ಕಲ್ಲು ಬಸವಣ್ಣನಿಗೆ ಯಾವ ಮಠ ಬರುತ್ತದೆ? ಅದೇ ಗಂಗಾವತಿ ಸೀಮೆಯ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳಿವೆ. ಜನ ಮೋರೇರ ಮನೆ ಅಂತಾರೆ. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೊ ಸಂಭಾವ್ಯ ಪಟ್ಟಿಗೂ ಸೇರಿವೆ. ಅಲ್ಲೂ ನಿಧಿ ಆಸೆಗೆ ಚಪ್ಪಡಿ ಉರುಳಿಸಿದ್ದಾರೆ. ಆ ಕಾಲದ ಗೋರಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ, ಮೂಳೆ. ಅಂದರೆ ಮಷೀನು ಕೂಗುತ್ತದೆ, ಅಗೆದರೆ ತುಕ್ಕು ಹಿಡಿದ ಕಬ್ಬಿಣ ಸಿಗುತ್ತದೆ, ಗೋರಿ ಹಾಳಾಗಿರುತ್ತದೆ.

"ನಾವು ಗುಡಿ ಮುಟ್ಟಲ್ಲ, ಬಯಲಲ್ಲಿ ನಾಣ್ಯ ಆರಿಸ್ತೀವಿ ಅಷ್ಟೇ. ಹವ್ಯಾಸ" ಅನ್ನುವವರಿದ್ದಾರೆ. ಅವರಿಗೆ ಚಿತ್ರದುರ್ಗದ ಚಂದ್ರವಳ್ಳಿಯ ಮಾತು ಹೇಳುತ್ತೇನೆ. ಅಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಶಾತವಾಹನರ ನಾಣ್ಯ, ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಅವುಗಳ ತೂಕದ ಬೆಳ್ಳಿಗೆ ಎಷ್ಟು ಬೆಲೆ ಬಂದೀತು? ಆದರೆ ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಜೊತೆ ಇಂಥ ನಾಣ್ಯ ಸಿಕ್ಕಿತು ಅಂತ ಬರೆದಿಟ್ಟಿದ್ದರಿಂದಲೇ ಆ ಪದರದ ಕಾಲ ತಿಳಿಯಿತು. ಎರಡು ಸಾವಿರ ವರ್ಷದ ಹಿಂದೆ ನಮ್ಮ ಬಯಲುಸೀಮೆಗೆ ರೋಮಿನ ದುಡ್ಡು ಹರಿದುಬರುತ್ತಿತ್ತು ಅಂತ ಗೊತ್ತಾಯಿತು. ಅದೇ ನಾಣ್ಯವನ್ನು ಯಾರೋ ರಾತ್ರಿ ಬ್ಯಾಟರಿ ಹಿಡಿದು ಕಿತ್ತು ಜೇಬಿಗೆ ಹಾಕಿದ್ದರೆ ಅದು ಎಲ್ಲಿಯದು, ಯಾರದು, ಯಾವ ಕಾಲದ್ದು ಅಂತ ಹೇಳಲು ಏನೂ ಉಳಿಯುತ್ತಿರಲಿಲ್ಲ. ಅಂಗಡಿಯ ಡಬ್ಬಿಯಲ್ಲಿ ಇನ್ನೊಂದು ಬಿಲ್ಲೆ, ಅಷ್ಟೇ. ಪಹಣಿ ಹರಿದು ಹಾಕಿ ಅದರ ಮೇಲಿನ ಸ್ಟಾಂಪು ಮಾತ್ರ ಇಟ್ಟುಕೊಂಡಂತೆ.

ಇನ್ನೊಂದು ಮಾತು, ಮಸ್ಕಿಯದು. ಹಟ್ಟಿ ಚಿನ್ನದ ಗಣಿ ಇರುವ ರಾಯಚೂರು ಸೀಮೆಯದೇ ಊರು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಅಲ್ಲಿನ ಬಂಡೆಯ ಮೇಲೆ ಬರಹ ಕಂಡ. ಅವನು ಬಂಡೆ ಸಿಡಿಸಲಿಲ್ಲ, ಬಲ್ಲವರಿಗೆ ತಿಳಿಸಿದ. ಓದಿ ನೋಡಿದರೆ ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ "ದೇವರಿಗೆ ಪ್ರಿಯನಾದವನು" ಎಂಬ ಅರ್ಥದ ಬಿರುದು ಇತ್ತೇ ಹೊರತು ಅಶೋಕ ಎಂಬ ಹೆಸರಿರಲಿಲ್ಲ. ಆ ರಾಜ ಅಶೋಕನೇ ಅಂತ ಕಲ್ಲೇ ಹೇಳಿದ್ದು ಮಸ್ಕಿಯಲ್ಲಿ. ಚಿನ್ನದ ಕಸುಬಿನವನಿಗೆ ಸಿಕ್ಕಿದ್ದು ಕಲ್ಲು. ಇವತ್ತು ಶಾಲೆಯ ಮಕ್ಕಳು ಮಸ್ಕಿಯ ಹೆಸರು ಓದುವುದು ಆ ಕಲ್ಲಿನಿಂದ.

ಈಗ ನಿಮ್ಮ ವಾದಗಳಿಗೆ ಬರೋಣ.

"ಇಂಗ್ಲೆಂಡಿನಲ್ಲಿ ಎಲ್ಲರೂ ಮಾಡ್ತಾರೆ, ವಿಡಿಯೋ ನೋಡಿ." ಮಾಡುತ್ತಾರೆ, ನಿಜ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಮಷೀನು ಹಿಡಿದವನಿಗೆ ಬಂಗಾರದ ದೊಡ್ಡ ರಾಶಿಯೇ ಸಿಕ್ಕಿತು. 32 ಲಕ್ಷ ಪೌಂಡಿಗೂ ಹೆಚ್ಚು ಬೆಲೆ ಕಟ್ಟಿ, ಸಿಕ್ಕವನಿಗೂ ಹೊಲದವನಿಗೂ ಹಂಚಿದರು. ವಿಡಿಯೋ ಇಷ್ಟನ್ನೇ ತೋರಿಸುತ್ತದೆ. ಹೊಲದವನ ಅನುಮತಿ ಬೇಕು, ನಿಧಿ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು ಅಂತ ಅಲ್ಲಿ 1996ರ ಕಾಯ್ದೆ ಇದೆ. ಸಿಕ್ಕ ಸಣ್ಣ ಸಾಮಾನನ್ನೂ ಜಾಗದ ಸಮೇತ ಬರೆದುಕೊಳ್ಳುವ ಅಧಿಕಾರಿಗಳಿದ್ದಾರೆ. ಮುಚ್ಚಿಟ್ಟು ಮಾರಿದವರು ಅಲ್ಲೂ ಜೈಲಿಗೆ ಹೋಗಿದ್ದಾರೆ. ಆ ವ್ಯವಸ್ಥೆ ಇಲ್ಲಿಲ್ಲ. ಇಲ್ಲಿಗೆ ಬಂದಿರುವುದು ಮಷೀನು ಮಾತ್ರ.

"ನನ್ನ ಹೊಲ, ನನ್ನಿಷ್ಟ." ಹೊಲ ನಿಮ್ಮದೇ. ನೆಲದೊಳಗಿನ ನಿಧಿ ನಿಮ್ಮಿಷ್ಟದ್ದಲ್ಲ. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆ ಇದೆ. ಸಿಕ್ಕವರು ಸರಕಾರಕ್ಕೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಿಧಿಗಾಗಿ ಅಮಾನವೀಯ ಕೃತ್ಯ, ವಾಮಾಚಾರ ನಡೆಸಿದರೆ ರಾಜ್ಯದ 2017ರ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲಿದೆ.

"ಸರಕಾರವೇ ನೋಡಿಕೊಳ್ಳಲ್ಲ, ಹಾಳಾಗೋ ಬದಲು ನಾವಾದ್ರೂ ತಗೋತೀವಿ." ಈ ವಾದದ ಮೊದಲ ಅರ್ಧ ನಿಜ, ಅದನ್ನು ನಾನೂ ಒಪ್ಪುತ್ತೇನೆ. ಫಲಕ ನೆಟ್ಟು ಹೋದ ಇಲಾಖೆಯವರು ಫಲಕ ತುಕ್ಕು ಹಿಡಿದ ಮೇಲೂ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಗುಡಿಗೆ ಫಲಕವೂ ಇಲ್ಲ. ಸಿಕ್ಕಿದ್ದನ್ನು ತಂದು ಒಪ್ಪಿಸಿದ ಬಡವನನ್ನು "ಉಳಿದಿದ್ದು ಎಲ್ಲಿಟ್ಟೆ" ಅಂತ ಕಳ್ಳನ ಹಾಗೆ ಕೇಳಿದರೆ ಮುಂದಿನವನು ಯಾಕೆ ಒಪ್ಪಿಸುತ್ತಾನೆ? ಪ್ರಾಮಾಣಿಕನಿಗೆ ಸಲ್ಲಬೇಕಾದ್ದನ್ನು ಬೇಗ ಕೊಟ್ಟು, ನಾಲ್ಕು ಜನರ ಮುಂದೆ ಶಾಲು ಹೊದಿಸಿದರೆ ಹತ್ತು ಗುಡಿ ಉಳಿಯುತ್ತವೆ. ಇದನ್ನು ಜಿಲ್ಲಾಡಳಿತಕ್ಕೆ ಕೇಳುವ ಹಕ್ಕು ನಮಗಿದೆ. ಆದರೆ ಕಾವಲುಗಾರ ಮಲಗಿದ್ದಾನೆ ಅಂತ ಕಣಜಕ್ಕೆ ಕನ್ನ ಹಾಕುವುದು ಯಾವ ನ್ಯಾಯ?

ಮಷೀನಿಲ್ಲದೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ನಿಮ್ಮೂರ ವೀರಗಲ್ಲು, ಮಾಸ್ತಿಗಲ್ಲು, ಶಾಸನ ಎಷ್ಟಿವೆ ಅಂತ ಎಣಿಸಿ. ಬೆಳಗಿನ ಅಡ್ಡ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತವೆ. ಸುಣ್ಣ, ಪೇಂಟು ಬಳಿಯಬೇಡಿ. ಜಾಗದ ಲೊಕೇಶನ್ ಸೇರಿಸಿ ಪಂಚಾಯ್ತಿಗೂ ಪುರಾತತ್ವ ಇಲಾಖೆಗೂ ಕಳಿಸಿ, ಒಂದು ಪ್ರತಿ ಶಾಲೆಯಲ್ಲಿಡಿ. ಕಲ್ಲಿನ ಫೋಟೋ ಊರಲ್ಲಿದ್ದರೆ ಅದನ್ನು ಕದ್ದವನಿಗೆ ಮಾರುವುದು ಕಷ್ಟ. ಪಾಯ ತೆಗೆಯುವಾಗ ಏನಾದರೂ ಸಿಕ್ಕರೆ ಅಗೆತ ನಿಲ್ಲಿಸಿ, ಪಂಚರನ್ನು ಕರೆದು, ತಹಶೀಲ್ದಾರರಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ತಗೊಳ್ಳಿ. ಅಮಾವಾಸ್ಯೆ ಹಿಂದೆ ಮುಂದೆ ಗುರುತಿಲ್ಲದ ಕಾರು ಹಾಳು ಗುಡಿ ಕಡೆ ಹೋದರೆ 112ಕ್ಕೆ ಫೋನ್ ಮಾಡಿ.

ಆ ವೀರಗಲ್ಲಿನಲ್ಲಿ ಇರುವವನು ರಾಜನಲ್ಲ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರಿಗೆ ಅಡ್ಡ ನಿಂತು ಸತ್ತ ನಿಮ್ಮಂಥ ಒಬ್ಬ ಹುಡುಗ. ಅವನ ಕಾಲ ಕೆಳಗೆ ಕೊಪ್ಪರಿಗೆ ಇಲ್ಲ. ಅವನನ್ನು ಕಿತ್ತು ಮಲಗಿಸಿ ನೀವು ಹುಡುಕುತ್ತಿರುವ ಸಂಪತ್ತು ಅವನೇ.